ಗಡಸು ನೀರು ಮತ್ತು ಅದನ್ನು ಮೆದುಗೊಳಿಸುವ ಬಗೆ

ನಮ್ಮ ಗುಡೂರಿನ ಕಡೆ ಕೊಳವೆಬಾವಿಯ ನೀರು ಬಳಸುವವರಿಗೆ ಅದರ ಗುಣವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಎಷ್ಟು ತಿಕ್ಕಿದರೂ ಸಾಬೂನು ನೊರೆಗಟ್ಟದು. ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಹಿಡಿಯುತ್ತದೆ. ಬೇಳೆ ಬೇಗನೆ ಬೇಯುವುದಿಲ್ಲ. ಇದರಿಂದ ಬೇಸತ್ತು ನಮ್ಮ ಮನೆಯಲ್ಲಿ ವಾಟರ್ ಸಾಫ್ಟನರ್ ಎಂಬ ಯಂತ್ರವನ್ನು ತರುವ ಮಾತು ಬಂದಿತು. ಆಗ ತಂದೆಯವರು, "ತಮ್ಮಾ, ಆ ಯಂತ್ರ ಕೂಡ್ರಿಸಿದರ ಕುಡಿಯೂ ನೀರೂ ಛಲೋ ಆಗ್ತಾವೇನು?" ಎಂದು ಕೇಳಿದರು. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಉತ್ತರ ಹೊಳೆಯಲಿಲ್ಲ. ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ನೋಡಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ನಿರೂಪಿಸುತ್ತೇನೆ.

ಮಳೆಯ ನೀರು ಸ್ವಭಾವತಃ ಮೆದು. ಅದು ನೆಲದಲ್ಲಿ ಇಂಗುವಾಗ ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಕಲ್ಲುಮಣ್ಣುಗಳಲ್ಲಿಯ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಬಾಗಲಕೋಟೆ, ಲೋಕಾಪುರಗಳ ನೆಲದಲ್ಲಿ ಸುಣ್ಣಕಲ್ಲು ಹೇರಳ. ಎರೆಭೂಮಿಯಲ್ಲಂತೂ ಸುಣ್ಣದ ಹರಳುಗಳು ಕಣ್ಣಿಗೇ ಬೀಳುತ್ತವೆ. ಹೀಗೆ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ನಿಯಮದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದಲ್ಲಿ 600ರ ವರೆಗೆ ನಡೆಯುತ್ತದೆ.

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟುಗಳಿಂದ ಬಂದದ್ದು ತಾತ್ಕಾಲಿಕ. ನೀರನ್ನು ಕುದಿಸಿದರೆ ಸುಣ್ಣ ತಳಕ್ಕೆ ಕೂಡುತ್ತದೆ. ಸಲ್ಫೇಟು, ಕ್ಲೋರೈಡುಗಳಿಂದ ಬಂದದ್ದು ಶಾಶ್ವತ. ಅದು ಕುದಿಸಿದರೂ ಹೋಗುವುದಿಲ್ಲ. ಬಟ್ಟೆ ಒಗೆಯುವ ನೀರಿಗೆ ವಾಷಿಂಗ್ ಸೋಡಾ ಬೆರೆಸಿದರೆ ಎರಡೂ ಇಳಿಯುತ್ತವೆ.

ಇನ್ನು ಯಂತ್ರದ ಕೆಲಸವೆಂತೆಂಬುದನ್ನು ನೋಡೋಣ. ಅದರ ಕೊಡದೊಳಗೆ ಸಣ್ಣ ಮಣಿಗಳಂತಹ ರಾಳವಿರುತ್ತದೆ. ಈ ಬಗೆಯ ಕೃತಕ ರಾಳವನ್ನು 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬವರು ಮೊದಲು ತಯಾರಿಸಿದರು. ರಾಳವು ನೀರಿನ ಕ್ಯಾಲ್ಸಿಯಮನ್ನು ತಾನು ಹಿಡಿದುಕೊಂಡು, ತನ್ನಲ್ಲಿಯ ಸೋಡಿಯಮನ್ನು ನೀರಿಗೆ ಬಿಟ್ಟುಕೊಡುತ್ತದೆ. ಅರ್ಥಾತ್, ಇದೊಂದು ಸಾಟಿ ವ್ಯಾಪಾರ. ರಾಳದ ಸೋಡಿಯಂ ತೀರಿದ ಮೇಲೆ ಉಪ್ಪಿನ ನೀರನ್ನು ಹಾಯಿಸಿ ಮತ್ತೆ ತುಂಬಬೇಕು. ದಿನಕ್ಕೆ 500 ಲೀಟರ್ ನೀರು, ಅದರ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಎಂದಿಟ್ಟುಕೊಂಡರೆ, 20 ಲೀಟರ್ ರಾಳದ ಯಂತ್ರಕ್ಕೆ ಸುಮಾರು ಐದು ದಿನಕ್ಕೊಮ್ಮೆ ಮೂರು ಕಿಲೋದಷ್ಟು ಉಪ್ಪು ಬೇಕಾಗುತ್ತದೆ.

ಸಾಟಿ ವ್ಯಾಪಾರವೆಂಬ ಈ ಮಾತನ್ನು ಮರೆಯಬಾರದು. ಮೇಲಿನ ನೀರು ಮೆದುವಾದಾಗ ಅದರ ಪ್ರತಿ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿರುತ್ತದೆ. ರಕ್ತದೊತ್ತಡದ ಕಾರಣ ಉಪ್ಪು ಕಡಿಮೆ ಮಾಡಿರೆಂದು ವೈದ್ಯರು ಹೇಳಿದವರಿಗೆ ಇದು ಹಿತವಲ್ಲ. ಸವಳು ನೀರಿನ ಸವಳೂ ಯಂತ್ರದಿಂದ ಹೋಗುವುದಿಲ್ಲ, ರೋಗಾಣುಗಳೂ ಸಾಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಜಿಲ್ಲೆಯ ಕೆಲವು ಕೊಳವೆಬಾವಿಗಳಲ್ಲಿ ಕಂಡುಬಂದಿರುವ ಫ್ಲೋರೈಡನ್ನು ಈ ರಾಳ ಹಿಡಿಯುವುದಿಲ್ಲ. ಹಲ್ಲು, ಎಲುಬುಗಳನ್ನು ಕೆಡಿಸುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿಯೇ ತಿಳಿಯಬೇಕು. ನೀರು ಮೆದುವಾಯಿತೆಂದ ಮಾತ್ರಕ್ಕೆ ಶುದ್ಧವಾಯಿತೆಂದು ನಂಬಿ ಮಕ್ಕಳಿಗೆ ಕುಡಿಸುವುದೇ ಇಲ್ಲಿರುವ ದೊಡ್ಡ ಅಪಾಯ.

ಹಾಗಾದರೆ ಯಂತ್ರ ನಿರುಪಯೋಗಿಯೇ? ಅಲ್ಲ. ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ, ನೀರು ಕಾಯಿಸುವ ಹೀಟರಿನ ರಕ್ಷಣೆಗೆ ಅದು ಬಹಳ ಉಪಕಾರಿ. ನೇಕಾರರ ಊರುಗಳಾದ ನಮ್ಮ ಸೀಮೆಯಲ್ಲಿ ನೂಲಿಗೆ ಬಣ್ಣ ಹಾಕುವವರಿಗೂ ಮೆದು ನೀರು ಬೇಕು. ಗಡಸು ನೀರಿನಲ್ಲಿ ಬಣ್ಣ ಒಂದೇ ಸಮನಾಗಿ ಹಿಡಿಯದಿರಬಹುದು. ಅಡಿಗೆಗೆ ಮತ್ತು ಕುಡಿಯುವುದಕ್ಕೆ ಮಾತ್ರ ಯಂತ್ರಕ್ಕೆ ಹಾಯದ ಬೇರೆ ನಳವಿರಲಿ; ಆ ನೀರು ಪರೀಕ್ಷೆಯಲ್ಲಿ ಯೋಗ್ಯವೆಂದು ಕಂಡುಬಂದಿರಲಿ. ಬೇಳೆ ಬೇಯಿಸಲು ಆ ನೀರನ್ನೇ ಮೊದಲು ಕುದಿಸಿ, ತಿಳಿಯಾದ ಮೇಲೆ ಬಸಿದುಕೊಂಡರೆ ಎಷ್ಟೋ ಅನುಕೂಲ. ಯಂತ್ರದಿಂದ ಹೊರಬೀಳುವ ಉಪ್ಪು ನೀರನ್ನು ಗಿಡಗಳ ಬುಡಕ್ಕೆ ಬಿಡಬಾರದು. ಸೋಡಿಯಂ ಸೇರಿದ ಎರೆಮಣ್ಣು ಬಿಗಿದು ನೀರು ಹೀರದಂತಾಗುತ್ತದೆ.

ತಂದೆಯವರಿಗೆ ಇಷ್ಟನ್ನೂ ವಿವರಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರ ಮೊದಲ ನೀರು ಪರೀಕ್ಷಾ ಮಾಡಿಸೂಣು, ಯಂತ್ರ ಆಮ್ಯಾಲೆ" ಎಂದರು. ನಾನು ಇಷ್ಟುದ್ದ ಬರೆದುದರ ಸಾರವೂ ಅಷ್ಟೇ.