ಎತ್ತುಗಳ ಮಂಡಿಚಿಪ್ಪಿನ ದೋಷ

ಬೆಳಿಗ್ಗೆ ಮಲಗಿದ್ದಲ್ಲಿಂದೆದ್ದ ಎತ್ತು ಹಿಂಗಾಲೊಂದನ್ನು ಹಿಂದಕ್ಕೆ ನೀಡಿ, ಗೊರಸಿನ ತುದಿಯನ್ನು ನೆಲಕ್ಕೆ ಉಜ್ಜುತ್ತ ಎಳೆದು, ಬಳಿಕ ಥಟ್ಟನೆ ಮುಂದಕ್ಕೆ ಎತ್ತಿಹಾಕುವುದನ್ನು ರೈತರನೇಕರು ಕಂಡಿರಬಹುದು. ಸ್ವಲ್ಪ ದೂರ ನಡೆದಮೇಲೆ ನಡಿಗೆ ಸರಿಹೋಗುವುದೂ ಉಂಟು. ಇದನ್ನು ವಾಯುವೆಂದೆಣಿಸಿ ತೊಡೆಗೆ ಬರೆಹಾಕುವವರಿದ್ದಾರೆ. ಅದರಿಂದ ಚರ್ಮವು ಕೆಡುವುದೇ ಹೊರತು ರೋಗವು ಹೋಗದು, ದೋಷವಿರುವುದು ಕೀಲಿನಲ್ಲಿ.

ದನದ ಹಿಂಗಾಲಿನ ಮಂಡಿಚಿಪ್ಪನ್ನು ಕೆಳಗಿನ ಎಲುಬಿಗೆ ಮೂರು ಗಟ್ಟಿಯಾದ ಕಟ್ಟುಗಳು ಬಿಗಿದಿರುತ್ತವೆ. ಚಿಪ್ಪು ಮೇಲಕ್ಕೆ ಸರಿದಾಗ ಒಳಮಗ್ಗುಲಿನ ಕಟ್ಟು ತೊಡೆಯೆಲುಬಿನ ಉಬ್ಬಿಗೆ ಸಿಕ್ಕಿಕೊಂಡು, ಕಾಲು ಮಡಿಸಲು ಬಾರದಂತಾಗುತ್ತದೆ. ಪಶುವೈದ್ಯರು ಆ ಸ್ಥಳವನ್ನು ಮದ್ದಿನಿಂದ ಮರಗಟ್ಟಿಸಿ, ಆ ಒಂದು ಕಟ್ಟನ್ನು ಮಾತ್ರ ಕತ್ತರಿಸುತ್ತಾರೆ. ಕೆಲವು ನಿಮಿಷಗಳ ಕೆಲಸ. ಸಾಮಾನ್ಯವಾಗಿ ಕಾಲು ಆಗಲೇ ಮಡಿಸತೊಡಗುತ್ತದೆ. ಉಳಿದೆರಡು ಕಟ್ಟುಗಳು ಚಿಪ್ಪನ್ನು ಹಿಡಿದಿರುವುದರಿಂದ ಎತ್ತು ಕುಂಟಾದೀತೆಂಬ ಭಯ ಬೇಡ. ಆದರೆ ಗಾಯವು ಮಾಯುವವರೆಗೆ ನೊಗಕ್ಕೆ ಹೂಡಬಾರದು. ಆದಕಾರಣ ಉಳುಮೆಯ ಕಾಲಕ್ಕೆ ಬಹಳ ಮುಂಚೆಯೇ ಮಾಡಿಸುವುದು ಲೇಸು. ಗ್ರಾಮದ ಮುಖಂಡರು ಇದನ್ನು ಬಡ ರೈತರಿಗೂ ತಿಳಿಸಬೇಕು.

ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಮೊದಲಾದ ದನಗಳ ಜಾತ್ರೆಗಳಲ್ಲಿ ಜೋಡಿ ಕೊಳ್ಳುವವರು, ಮಾರುವವನು ಮೊದಲೇ ನಡೆಸಿ ತಂದ ಎತ್ತನ್ನು ನೋಡಿ ಬೆಲೆ ಕಟ್ಟಬಾರದು. ಈ ಲೇಖಕನೂ ಒಮ್ಮೆ ಹಾಗೆ ಮೋಸಹೋದದ್ದುಂಟು. ಮಲಗಿರುವ ಎತ್ತನ್ನು ಎಬ್ಬಿಸಿ ಅದರ ಮೊದಲ ನಾಲ್ಕು ಹೆಜ್ಜೆಗಳನ್ನು ನೋಡಬೇಕು; ಹಿಂಗಾಲಿನ ಗೊರಸಿನ ತುದಿ ಸವೆದಿದೆಯೇ ಎಂದು ಪರೀಕ್ಷಿಸಬೇಕು.