ಮಾತಿಗೆ ಮೊದಲೇ ಓದು



ದೀಪಾವಳಿಯ ಹಿಂದಿನ ವಾರ ಸದಸ್ಯರೊಬ್ಬರು ನಮ್ಮ ವಾಚನಾಲಯದ ಮಕ್ಕಳ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಎಷ್ಟನೆಯ ತರಗತಿಗೆ ಪುಸ್ತಕ ಬೇಕೆಂದು ಕೇಳಿದೆ. "ತರಗತಿ ಎಲ್ಲಿ ಬಂತು ರಾಯರೇ? ಮಗಳಿಗೆ ನಾಲ್ಕು ವರ್ಷ. ಡೌನ್ ಸಿಂಡ್ರೋಮ್ ಇದೆ. ಮಾತೇ ಬಾರದವಳಿಗೆ ಪುಸ್ತಕವೇಕೆ ಅನ್ನುತ್ತಾರೆ ಮನೆಯಲ್ಲಿ" ಎಂದರು. ನಾನೂ ಹಾಗೆಯೇ ತಿಳಿದಿದ್ದವನು, ಸುಮ್ಮನಾದೆ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ 47. ಇಪ್ಪತ್ತೊಂದನೆಯದು ಒಂದು ಹೆಚ್ಚು. ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಅವರ ಸಂಗಡಿಗರು 1959ರಲ್ಲಿ ಇದನ್ನು ಪ್ರಕಟಿಸಿದರು. ತಾಯಿ ತಿಂದದ್ದು, ಗ್ರಹಣ ನೋಡಿದ್ದು, ಯಾವುದೂ ಇದಕ್ಕೆ ಕಾರಣವಲ್ಲ.

ಈ ಮಕ್ಕಳಲ್ಲಿ ಅನೇಕರಿಗೆ ಕಿವಿ ಮಂದ. ಕೇಳಿದ ಮಾತು ನೆನಪಿನಲ್ಲಿ ನಿಲ್ಲುವುದೂ ಕಷ್ಟ. ಕಣ್ಣಿನಿಂದ ಕಂಡದ್ದು ಅದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಆಡಿದ ಮಾತು ಗಾಳಿಗೆ ಹೋಗುತ್ತದೆ. ಬರೆದ ಮಾತು ಮಗುವಿನ ಮುಂದೆ ಕಾದು ಕೂತಿರುತ್ತದೆ. ಆದುದರಿಂದ ಮಾತು ಬರಲಿ, ಆಮೇಲೆ ಓದು ಎಂದು ಕಾಯಬೇಕಾದುದಿಲ್ಲ. ಓದೇ ಮಾತಿಗೆ ಊರುಗೋಲಾಗಬಹುದು.

ಇಂಗ್ಲೆಂಡಿನಲ್ಲಿ ಲೆಸ್ಲಿ ಡಫನ್ ಎಂಬ ತಂದೆ ತಮ್ಮ ಮಗಳು ಸಾರಾಳಿಗೆ ಮೂರನೆಯ ವಯಸ್ಸಿನಲ್ಲಿಯೇ ಓದು ಕಲಿಸತೊಡಗಿದರು. ಅದರಿಂದ ಅವಳ ಮಾತೂ ಬೆಳೆಯಿತೆಂದು ಮನಶ್ಶಾಸ್ತ್ರಜ್ಞೆ ಸೂ ಬಕ್ಲಿಯವರಿಗೆ ಬರೆದು ತಿಳಿಸಿದರು. 1980ರ ಸುಮಾರಿನಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಆರಂಭವಾದ ಬಕ್ಲಿಯವರ ಸಂಶೋಧನೆಗೆ ಆ ಪತ್ರವೇ ಪ್ರೇರಣೆ.

ಮನೆಯಲ್ಲಿ ಮಾಡುವ ಕ್ರಮ ಹೀಗೆ:

1. ಮೊದಲು ಕಿವಿ, ಕಣ್ಣು ಎರಡನ್ನೂ ವೈದ್ಯರಿಗೆ ತೋರಿಸಿರಿ.

2. ಮಗುವಿಗೆ ಅರ್ಥವಾಗುವ ನಾಲ್ಕೈದು ಮಾತು ಆರಿಸಿರಿ: ಅದರ ಹೆಸರು, ಅಮ್ಮ, ಚೆಂಡು, ನಾಯಿ. ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಒಂದೊಂದನ್ನೂ ದಪ್ಪಕ್ಷರದಲ್ಲಿ, ಎರಡೆರಡು ಚೀಟಿ ಬರೆಯಿರಿ.

3. ಮೊದಲು ಜೋಡಿ ಸೇರಿಸುವುದು: 'ಅಮ್ಮ' ಚೀಟಿಯ ಮೇಲೆ ಇನ್ನೊಂದು 'ಅಮ್ಮ'. ಆಮೇಲೆ ಆರಿಸುವುದು: "ಅಮ್ಮ ಎಲ್ಲಿ? ಕೊಡು." ಕೊನೆಗೆ ಹೇಳುವುದು. ಬಾಯಲ್ಲಿ ಬಾರದಿದ್ದರೆ ಸನ್ನೆ ಮಾಡಿದರೂ ಸರಿ, ತಾಯಿಯ ಕಡೆ ಬೆರಳು ತೋರಿದರೂ ಸರಿ.

4. ತಪ್ಪಿದರೆ ಗದರಬೇಡಿರಿ. ಕೈ ಹಿಡಿದು ಸರಿಯಾದ ಚೀಟಿಗೆ ಒಯ್ಯಿರಿ. ದಿನಕ್ಕೆ ಐದು ನಿಮಿಷ ಸಾಕು, ಆದರೆ ದಿನ ತಪ್ಪಬಾರದು.

5. ಕೆಲವು ಮಾತು ಕೂಡಿದ ಮೇಲೆ 'ಅಮ್ಮ ಬಾ' ಎಂದು ಎರಡನ್ನು ಜೋಡಿಸಿರಿ. ವರ್ಣಮಾಲೆ ಆಮೇಲೆ: 'ಅಮ್ಮ', 'ಅಪ್ಪ' ಎರಡರಲ್ಲೂ ಇರುವ 'ಅ'ವನ್ನು ಆಗ ತೋರಿಸಿರಿ.

ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಎಲ್ಲರೂ ಒಂದೇ ಮಟ್ಟಕ್ಕೆ ಬರುತ್ತಾರೆಂದೂ ಹೇಳಲಾಗದು. ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿರಿ.

ಪರಸ್ಥಳದಲ್ಲಿರುವ ನಮಗೆ ಇನ್ನೊಂದು ಶಂಕೆ: ಬೀದಿಯಲ್ಲಿ ಬೇರೆ ಭಾಷೆ, ಮನೆಯಲ್ಲಿ ಕನ್ನಡ, ಮಗುವಿಗೆ ಗೊಂದಲವಾಗದೆ? ಎರಡು ಭಾಷೆಯಿಂದ ಈ ಮಕ್ಕಳ ಮಾತಿಗೆ ಹಾನಿಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ತಾಯಿ ಜೋಗುಳ ಹಾಡಿದ ಭಾಷೆಯಲ್ಲಿಯೇ ಮೊದಲ ಚೀಟಿ ಬರೆಯಿರಿ.

ಶಾಲೆಯ ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ದಾಕ್ಷಿಣ್ಯವಲ್ಲ.

ಸಂಕ್ರಾಂತಿಯಂದು ಆ ಸದಸ್ಯರು ಎಳ್ಳುಬೆಲ್ಲ ಕೊಡಲು ಬಂದಿದ್ದರು. ಮೂರು ಚೀಟಿಗಳಲ್ಲಿ ಮಗಳು 'ಅಮ್ಮ' ಎಂಬುದನ್ನೇ ಆರಿಸಿ ತಾಯಿಯ ಕೈಗೆ ಕೊಟ್ಟಳಂತೆ. ಬಾಯಲ್ಲಿ ಇನ್ನೂ ಬಂದಿಲ್ಲ. "ಆದರೂ ಮನೆಯಲ್ಲಿ ಈಗ ಪುಸ್ತಕವೇಕೆ ಎಂದು ಯಾರೂ ಕೇಳುವುದಿಲ್ಲ" ಎಂದರು.

ಹಳೆಯ ಲಗ್ನಪತ್ರಿಕೆಗಳಿದ್ದವರು ವಾಚನಾಲಯಕ್ಕೆ ತಂದುಕೊಡಿರಿ. ಭಾನುವಾರ ಬೆಳಿಗ್ಗೆ ಕೂತು ಚೀಟಿ ಬರೆಯೋಣ. ಬೇಕಾದ ತಾಯ್ತಂದೆಯರು ಸಂಕೋಚವಿಲ್ಲದೆ ಬಂದು ಒಯ್ಯಬಹುದು.