ಕಾರ್ಖಾನೆಯ ನಲ್ಲಿ ನೀರು: ಪರೀಕ್ಷಾ ವರದಿಯನ್ನು ಓದುವ ಬಗೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿರುವುದು ದೃಢಪಟ್ಟ ಸಂಗತಿ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯ ನೀರು ಇದರ ಪ್ರಮುಖ ಮೂಲ. ನಗರ ಸರಬರಾಜಿನ ನೀರನ್ನು ನೆಚ್ಚಿದ ಉದ್ಯಮಿಗೆ ಇದು ತನಗೆ ಸಂಬಂಧಿಸದ ವಿಷಯವೆಂದು ತೋರಬಹುದು. ಆದರೆ ಅನೇಕ ಘಟಕಗಳಲ್ಲಿ ಕೊಳವೆಬಾವಿಯ ನೀರೂ ನಲ್ಲಿಯ ನೀರೂ ಒಂದೇ ಸಂಪಿನಲ್ಲಿ ಬೆರೆಯುತ್ತವೆ. ಸರಬರಾಜು ನಿಂತು ಕೊಳವೆಯ ಒತ್ತಡ ಕುಸಿದಾಗ ಬಿರುಕುಗಳ ಮೂಲಕ ಹೊರಗಿನ ನೀರು ಒಳಸೇರುವ ಸಂಭವವೂ ಉಂಟು.

ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಪ್ರತಿ ಲೀಟರ್ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ, ನಿಕಲ್ 0.02, ಸೀಸ 0.01, ಕ್ಯಾಡ್ಮಿಯಂ 0.003 ಮೀರಕೂಡದು. ಇವುಗಳಿಗೆ ಯಾವ ಸಡಿಲಿಕೆಯೂ ಇಲ್ಲ. ಅಂಗಡಿಯಲ್ಲಿ ದೊರೆಯುವ ಟಿ.ಡಿ.ಎಸ್. ಮೀಟರನ್ನು ನಂಬಿ ಕುಳಿತುಕೊಳ್ಳುವುದು ವ್ಯರ್ಥ. ಕರಗಿದ ಘನಾಂಶ 500 ಮಿಲಿಗ್ರಾಂ ಇರುವ ನೀರಿನಲ್ಲಿ ಕ್ರೋಮಿಯಂ ಮಿತಿಯ ಎರಡರಷ್ಟಿದ್ದರೂ ಅದರ ಅಂಕಿ ಕದಲದು. ಕುದಿಸುವುದರಿಂದಲೂ ಲೋಹಾಂಶ ತೊಲಗುವುದಿಲ್ಲ.

ಮಾದರಿ ಸಂಗ್ರಹಣೆಯೇ ಅರ್ಧ ಪರೀಕ್ಷೆ. ಬೆಳಿಗ್ಗೆ ನಲ್ಲಿ ತೆರೆದೊಡನೆ ಒಂದು, ಐದು ನಿಮಿಷ ನೀರು ಹರಿಸಿದ ಬಳಿಕ ಇನ್ನೊಂದು ಮಾದರಿ ತೆಗೆಯಬೇಕು. ಮೊದಲನೆಯದರಲ್ಲಿ ಮಾತ್ರ ಸೀಸ ಹೆಚ್ಚಿದ್ದರೆ ದೋಷ ಕಟ್ಟಡದ ಕೊಳವೆ, ನಲ್ಲಿಗಳದ್ದಿರಬಹುದು. ಸಂಪಿಗೆ ಬರುವ ನೀರಿನ ಮಾದರಿಯನ್ನೂ ಪ್ರತ್ಯೇಕವಾಗಿ ಕಳುಹಿಸಿದಲ್ಲಿ ಕಲುಷಿತತೆ ಹೊರಗಿನಿಂದ ಬಂದಿತೋ ಆವರಣದಲ್ಲೇ ಸೇರಿತೋ ಎಂಬುದು ತಿಳಿಯುತ್ತದೆ. ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯುವುದು ಕ್ಷೇಮ. ಲೋಹಗಳ ಪರೀಕ್ಷೆಗೆ ನೈಟ್ರಿಕ್ ಆಮ್ಲ ಬೆರೆಸಿ ಮಾದರಿಯನ್ನು ಕಾಪಿಡಬೇಕಾಗುತ್ತದೆ.

ವರದಿ ಕೈಸೇರಿದಾಗ ಲೆಕ್ಕಪರಿಶೋಧಕನ ಕಣ್ಣು ಬೇಕು. ಎನ್.ಎ.ಬಿ.ಎಲ್. ಮಾನ್ಯತೆ ಪ್ರಯೋಗಾಲಯದ ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುವುದಿಲ್ಲ. ಮಾನ್ಯತೆಯ ವ್ಯಾಪ್ತಿಪಟ್ಟಿಯಲ್ಲಿ ಆಯಾ ಲೋಹದ ಹೆಸರಿರಬೇಕು. ‘ಪತ್ತೆಯಾಗಿಲ್ಲ’ ಎಂಬ ಷರಾವನ್ನು ಕಂಡು ಸಮಾಧಾನಪಡುವವರೇ ಹೆಚ್ಚು. ಪ್ರಯೋಗಾಲಯದ ಪತ್ತೆ ಮಿತಿಯೇ 0.1 ಮಿಲಿಗ್ರಾಂ ಆಗಿದ್ದರೆ, 0.05ರ ಮಾನಕವನ್ನು ಆ ನೀರು ಪಾಲಿಸಿದೆಯೆಂಬುದಕ್ಕೆ ಸದರಿ ವರದಿ ಪುರಾವೆಯಾಗದು. ಸಾಮಾನ್ಯ ‘ಕುಡಿಯುವ ನೀರಿನ ಪರೀಕ್ಷೆ’ ಎಂಬ ಅಗ್ಗದ ಪ್ಯಾಕೇಜಿನಲ್ಲಿ ಲೋಹಗಳೇ ಇಲ್ಲದಿರುವುದೂ ಉಂಟು. ಆದುದರಿಂದ ಬೇಕಾದ ಅಂಶಗಳನ್ನು ಹೆಸರಿಸಿಯೇ ದರಪಟ್ಟಿ ಕೇಳುವುದು ಯುಕ್ತ.

ಕಾರ್ಮಿಕರಿಗೆ ಕುಡಿಯಲು ಯೋಗ್ಯವಾದ ನೀರನ್ನೊದಗಿಸುವ ಹೊಣೆ 1948ರ ಕಾರ್ಖಾನೆಗಳ ಕಾಯ್ದೆಯ 18ನೆಯ ಪ್ರಕರಣದಲ್ಲಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿಯೂ ಇದೆ. ದಿನಾಂಕ, ಮಾದರಿ ತೆಗೆದ ಸ್ಥಳ, ತೆಗೆದವರ ಸಹಿ ಇವುಗಳೊಡನೆ ವರದಿಗಳನ್ನು ಕಡತದಲ್ಲಿರಿಸಬೇಕು. ಮಿತಿ ಮೀರಿದ ವರದಿ ಬಂದರೆ, ಮರುಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಅಂದೇ ಆ ನಲ್ಲಿಯನ್ನು ಮುಚ್ಚಿ, ಬೇರೆ ನೀರಿನ ಏರ್ಪಾಡು ಮಾಡತಕ್ಕದ್ದು.